ಬೆರಿಲಿಯಮ್ ಮತ್ತು ಜಲಜನಕ: ಸಮ್ಮಿಳನ ರಿಯಾಕ್ಟರಿನ ಗೋಡೆಗಳ ಕುರಿತ ಸಂಶೋಧನೆ

ಸೂರ್ಯನಿಗೂ ಇತರ ನಕ್ಷತ್ರಗಳಿಗೂ ಶಕ್ತಿಯನ್ನು ಒದಗಿಸುವ ಕ್ರಿಯೆಯೇ ಬೈಜಿಕ ಸಮ್ಮಿಳನ. ಈ ಕ್ರಿಯೆಯನ್ನು ಭೂಮಿಯ ಮೇಲೆ ನಿಯಂತ್ರಿತ ರೀತಿಯಲ್ಲಿ ನಡೆಸಿ, ಅದರಿಂದ ವಿದ್ಯುತ್ತನ್ನು ಪಡೆಯುವ ಪ್ರಯತ್ನ ಏಳು ದಶಕಗಳಿಂದ ಸಾಗಿದೆ. ಈ ಪ್ರಯತ್ನದ ಬಗ್ಗೆ ಜನಸಾಮಾನ್ಯರಿಗೆ ತಲಪುವ ವರದಿಗಳಲ್ಲಿ ಕೋಟ್ಯಂತರ ಡಿಗ್ರಿ ಉಷ್ಣತೆ, ಬಲಿಷ್ಠವಾದ ಅಯಸ್ಕಾಂತಗಳು, ದಾಖಲೆ ಪ್ರಮಾಣದ ಶಕ್ತಿ ಇವುಗಳ ವರ್ಣನೆಯೇ ಹೆಚ್ಚು. ಯಂತ್ರದ ಒಳಗೋಡೆಯನ್ನು ಯಾವ ವಸ್ತುವಿನಿಂದ ಮಾಡಬೇಕು, ಆ ಗೋಡೆ ಎಷ್ಟು ಇಂಧನವನ್ನು ತನ್ನೊಳಗೆ ಹೀರಿ ಇಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ವಾಸ್ತವದಲ್ಲಿ ಸಮ್ಮಿಳನ ವಿದ್ಯುತ್ ಸ್ಥಾವರ ತನ್ನ ಇಂಧನವನ್ನು ತಾನೇ ಉತ್ಪಾದಿಸಿಕೊಂಡು ನಡೆಯಬಲ್ಲದೇ, ಸುರಕ್ಷತೆಯ ಅನುಮತಿಯನ್ನು ಪಡೆಯಬಲ್ಲದೇ ಎಂಬ ವಿಷಯಗಳು ಈ ಪ್ರಶ್ನೆಗಳ ಉತ್ತರವನ್ನೇ ಬಹುಮಟ್ಟಿಗೆ ಅವಲಂಬಿಸಿವೆ. ಬೆರಿಲಿಯಮ್ ಎಂಬ ಹಗುರ ಲೋಹವೂ ಅದರೊಳಗೆ ಸೇರಿಕೊಳ್ಳುವ ಜಲಜನಕವೂ ಈ ಸಂಶೋಧನೆಯ ಕೇಂದ್ರದಲ್ಲಿವೆ.

ಸಮ್ಮಿಳನ ಕ್ರಿಯೆ

ಜಲಜನಕಕ್ಕೆ ಮೂರು ರೂಪಗಳುಂಟು. ಸಾಮಾನ್ಯ ಜಲಜನಕದ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್ ಮಾತ್ರ ಇರುತ್ತದೆ. ಅದರ ಜೊತೆಗೆ ಒಂದು ನ್ಯೂಟ್ರಾನ್ ಸೇರಿದರೆ ಡ್ಯೂಟೀರಿಯಮ್, ಎರಡು ಸೇರಿದರೆ ಟ್ರಿಟಿಯಮ್. ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್ ನ್ಯೂಕ್ಲಿಯಸ್ಸುಗಳು ಬೆಸೆದುಕೊಂಡಾಗ ಒಂದು ಹೀಲಿಯಮ್ ನ್ಯೂಕ್ಲಿಯಸ್ಸೂ ಒಂದು ನ್ಯೂಟ್ರಾನೂ ಹೊರಬರುತ್ತವೆ. ಪ್ರತಿ ಬೆಸುಗೆಯಲ್ಲಿಯೂ 17.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ, ಇದರಲ್ಲಿ 14.1 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನಷ್ಟು ನ್ಯೂಟ್ರಾನಿನ ಪಾಲಿಗೆ ಬರುತ್ತದೆ.

ಧನ ವಿದ್ಯುದಂಶವುಳ್ಳ ಈ ನ್ಯೂಕ್ಲಿಯಸ್ಸುಗಳು ಪರಸ್ಪರ ವಿಕರ್ಷಿಸುವುದರಿಂದ ಅವುಗಳನ್ನು ಬೆಸೆಯಲು ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅವಶ್ಯಕ. ಅಷ್ಟು ಉಷ್ಣತೆಯಲ್ಲಿ ಅನಿಲವು ಅಯಾನುಗಳೂ ಎಲೆಕ್ಟ್ರಾನುಗಳೂ ಬೇರ್ಪಟ್ಟ ಪ್ಲಾಸ್ಮಾ ಸ್ಥಿತಿಯಲ್ಲಿರುತ್ತದೆ. ಅದನ್ನು ಹಿಡಿದಿಡುವ ಪಾತ್ರೆ ಯಾವ ವಸ್ತುವಿನಿಂದಲೂ ಸಾಧ್ಯವಿಲ್ಲ. ಆದ್ದರಿಂದ ಕೋಡುಬಳೆಯ ಆಕಾರದ ಒಂದು ನಿರ್ವಾತ ಕೋಶದಲ್ಲಿ, ಪ್ರಬಲವಾದ ಕಾಂತಕ್ಷೇತ್ರದ ನೆರವಿನಿಂದ ಪ್ಲಾಸ್ಮಾವನ್ನು ಗೋಡೆಗೆ ತಗಲದಂತೆ ತೇಲಿಸಿ ಇಡಲಾಗುತ್ತದೆ. ಈ ಯಂತ್ರಕ್ಕೆ ಟೊಕಮಾಕ್ ಎಂದು ಹೆಸರು.

ಆದರೆ ಕಾಂತಕ್ಷೇತ್ರದ ಹಿಡಿತ ಪರಿಪೂರ್ಣವಲ್ಲ. ಪ್ಲಾಸ್ಮಾದ ಅಂಚಿನಿಂದ ಕಣಗಳು ಸದಾ ಸೋರುತ್ತ ಗೋಡೆಯನ್ನು ಬಡಿಯುತ್ತಲೇ ಇರುತ್ತವೆ. ಕಾಂತಕ್ಷೇತ್ರಕ್ಕೆ ಒಳಪಡದ ನ್ಯೂಟ್ರಾನುಗಳಂತೂ ನೇರವಾಗಿ ಗೋಡೆಯನ್ನು ಹೊಕ್ಕು ಮುಂದೆ ಸಾಗುತ್ತವೆ. ಹೀಗಾಗಿ ಪ್ಲಾಸ್ಮಾವನ್ನು ಎದುರಿಸುವ ಗೋಡೆ ಏಕಕಾಲದಲ್ಲಿ ಶಾಖವನ್ನೂ ಅಯಾನುಗಳ ಹೊಡೆತವನ್ನೂ ನ್ಯೂಟ್ರಾನುಗಳ ಹಾನಿಯನ್ನೂ ತಾಳಿಕೊಳ್ಳಬೇಕಾಗುತ್ತದೆ.

ಟ್ರಿಟಿಯಮ್: ಬಿತ್ತನೆಯ ಬೀಜದಂಥ ಇಂಧನ

ಡ್ಯೂಟೀರಿಯಮ್ ಸಮುದ್ರದ ನೀರಿನಲ್ಲಿ ಧಾರಾಳವಾಗಿ ದೊರೆಯುತ್ತದೆ. ಟ್ರಿಟಿಯಮಿನ ವಿಷಯ ಹಾಗಲ್ಲ. ಅದು ವಿಕಿರಣಶೀಲ, ಅದರ ಅರ್ಧಾಯು 12.3 ವರ್ಷ. ಒಂದು ಕಿಲೋಗ್ರಾಮ್ ಟ್ರಿಟಿಯಮನ್ನು ಭದ್ರವಾಗಿ ಮುಚ್ಚಿಟ್ಟರೂ ಒಂದು ವರ್ಷದ ಕೊನೆಗೆ ಅದರಲ್ಲಿ ಸುಮಾರು 55 ಗ್ರಾಮ್ ಹೀಲಿಯಮ್ ಆಗಿ ಮಾರ್ಪಟ್ಟಿರುತ್ತದೆ. ಆದ್ದರಿಂದ ನಿಸರ್ಗದಲ್ಲಿ ಅದರ ನಿಕ್ಷೇಪಗಳಿಲ್ಲ. ಭಾರಜಲವನ್ನು ಬಳಸುವ ವಿದಳನ ರಿಯಾಕ್ಟರುಗಳಲ್ಲಿ ಡ್ಯೂಟೀರಿಯಮ್ ನ್ಯೂಟ್ರಾನನ್ನು ಹೀರಿದಾಗ ಅದು ಉಪೋತ್ಪನ್ನವಾಗಿ ಹುಟ್ಟುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕೈಗಾ ಸ್ಥಾವರದ ರಿಯಾಕ್ಟರುಗಳೂ ಇದೇ ಭಾರಜಲ ವರ್ಗಕ್ಕೆ ಸೇರಿದವು. ಕೆನಡಾ ಮತ್ತು ದಕ್ಷಿಣ ಕೊರಿಯಾ ದೇಶಗಳಲ್ಲಿ ಭಾರಜಲದಿಂದ ಟ್ರಿಟಿಯಮನ್ನು ಬೇರ್ಪಡಿಸುವ ಘಟಕಗಳಿವೆ. ಆದರೂ ನಾಗರಿಕ ಉಪಯೋಗಕ್ಕೆ ದೊರೆಯುವ ಜಗತ್ತಿನ ಒಟ್ಟು ದಾಸ್ತಾನನ್ನು ಹತ್ತಾರು ಕಿಲೋಗ್ರಾಮುಗಳಲ್ಲಿ ಎಣಿಸಬಹುದು.

ಬೇಡಿಕೆಯ ಕಡೆ ನೋಡಿದರೆ, 1000 ಮೆಗಾವಾಟ್ ಸಮ್ಮಿಳನ ಸಾಮರ್ಥ್ಯದ ಸ್ಥಾವರವೊಂದು ದಿನಕ್ಕೆ ಸುಮಾರು 150 ಗ್ರಾಮ್, ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಸುಮಾರು 56 ಕಿಲೋಗ್ರಾಮ್ ಟ್ರಿಟಿಯಮನ್ನು ಉರಿಸುತ್ತದೆ. ಹೊರಗಿನಿಂದ ಇಷ್ಟನ್ನು ತರುವ ಮಾರ್ಗವಿಲ್ಲ. ಆದುದರಿಂದ ಸ್ಥಾವರವೇ ತನ್ನ ಟ್ರಿಟಿಯಮನ್ನು ಉತ್ಪಾದಿಸಿಕೊಳ್ಳಬೇಕು. ಗೋಡೆಯ ಹಿಂದಿನ ಹೊದಿಕೆಯಲ್ಲಿ ಲಿಥಿಯಮ್ ಇಟ್ಟು, ಸಮ್ಮಿಳನದಿಂದ ಹೊರಬರುವ ನ್ಯೂಟ್ರಾನುಗಳು ಅದರ ಮೇಲೆ ಬೀಳುವಂತೆ ಮಾಡಿದರೆ ಲಿಥಿಯಮ್ ಒಡೆದು ಟ್ರಿಟಿಯಮೂ ಹೀಲಿಯಮೂ ಉಂಟಾಗುತ್ತವೆ.

ರೈತನು ಬೆಳೆದ ಫಸಲಿನಲ್ಲಿಯೇ ಮುಂದಿನ ಬಿತ್ತನೆಗೆ ಬೀಜವನ್ನು ಎತ್ತಿಡುವ ಪದ್ಧತಿಗೆ ಇದನ್ನು ಹೋಲಿಸಬಹುದು. ಬಿತ್ತಿದಷ್ಟು ಬೀಜ ಹಿಂದಿರುಗದಿದ್ದರೆ ಮುಂದಿನ ವರ್ಷ ಹೊಲ ಬರಿದಾಗುತ್ತದೆ. ಅಂತೆಯೇ ಉರಿಸಿದ ಪ್ರತಿ ಟ್ರಿಟಿಯಮ್ ಪರಮಾಣುವಿಗೆ ಪ್ರತಿಯಾಗಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಪರಮಾಣು ಉತ್ಪತ್ತಿಯಾಗಬೇಕು. ಉತ್ಪತ್ತಿಯಾದದ್ದು ನಡುವೆ ಎಲ್ಲಿಯೂ ಸಿಕ್ಕಿಕೊಳ್ಳದೆ ಕೈಗೆ ಬರಬೇಕು. ಈ ಎರಡು ಷರತ್ತುಗಳಲ್ಲಿ ಮೊದಲನೆಯದನ್ನು ಪೂರೈಸಲು ಬೆರಿಲಿಯಮ್ ಸಹಕಾರಿ. ಎರಡನೆಯದಕ್ಕೆ ಅದೇ ಬೆರಿಲಿಯಮ್ ಅಡ್ಡಿಯಾಗಬಲ್ಲದು.

ವೈಡೂರ್ಯದಲ್ಲಿ ಅಡಗಿದ ಲೋಹ

ಬೆರಿಲಿಯಮಿನ ಪರಮಾಣು ಸಂಖ್ಯೆ 4. ಅದರ ಮುಖ್ಯ ಖನಿಜ ಬೆರಿಲ್. ಮರಕತ ಅಥವಾ ಪಚ್ಚೆ ಎಂದು ಕರೆಯುವ ರತ್ನವೂ ಬೆರಿಲ್ ಖನಿಜದ ಒಂದು ಪ್ರಕಾರ. ಈ ಹೆಸರಿನ ಇತಿಹಾಸ ಕುತೂಹಲಕರವಾಗಿದೆ. ಬೆರಿಲ್ ಎಂಬ ಪದ ಗ್ರೀಕ್ ಭಾಷೆಗೆ ಪ್ರಾಕೃತದ ‘ವೇರುಲಿಯ’ ಎಂಬ ರೂಪದಿಂದ ಹೋದದ್ದು. ಸಂಸ್ಕೃತದಲ್ಲಿ ಇದೇ ‘ವೈಡೂರ್ಯ’. ಈ ಶಬ್ದದ ಮೂಲ ದಕ್ಷಿಣ ಭಾರತದ ಒಂದು ಊರಿನ ಹೆಸರಿರಬಹುದೆಂದೂ, ಅದು ಬೇಲೂರು ಇರಬಹುದೆಂದೂ ಕೆಲವು ನಿಘಂಟುಕಾರರು ಊಹಿಸಿದ್ದಾರೆ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ಬೆರಿಲ್ ರತ್ನಗಳು ಹೆಚ್ಚಾಗಿ ಭಾರತದಲ್ಲಿಯೇ ದೊರೆಯುತ್ತವೆ ಎಂದು ಬರೆದಿದ್ದನು.

ಈ ಖನಿಜದಲ್ಲಿ ಹೊಸ ಮೂಲವಸ್ತುವೊಂದಿದೆ ಎಂಬುದನ್ನು 1798ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೊಲಾ ವೋಕ್ಲಾ ಕಂಡುಹಿಡಿದನು. 1828ರಲ್ಲಿ ಜರ್ಮನಿಯ ವೂಲರ್ ಮತ್ತು ಫ್ರಾನ್ಸಿನ ಬ್ಯೂಸಿ ಪ್ರತ್ಯೇಕವಾಗಿ ಲೋಹವನ್ನು ಬೇರ್ಪಡಿಸಿದರು. ಅಲ್ಯೂಮಿನಿಯಮಿಗಿಂತಲೂ ಹಗುರವಾದ ಈ ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ 1.85 ಗ್ರಾಮ್, ಕರಗುವ ಉಷ್ಣತೆ 1287 ಡಿಗ್ರಿ ಸೆಲ್ಸಿಯಸ್. 1932ರಲ್ಲಿ ಕೇಂಬ್ರಿಜಿನ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಪತ್ತೆಹಚ್ಚಿದ್ದು ಪೊಲೋನಿಯಮಿನ ಆಲ್ಫಾ ಕಣಗಳಿಂದ ಬೆರಿಲಿಯಮನ್ನು ತಾಡಿಸಿದಾಗ ಹೊರಟ ವಿಕಿರಣದ ಅಧ್ಯಯನದಿಂದ. ಹೀಗೆ ಬೆರಿಲಿಯಮಿಗೂ ನ್ಯೂಟ್ರಾನಿಗೂ ಮೊದಲಿನಿಂದಲೂ ನಿಕಟ ಸಂಬಂಧವಿದೆ.

ಬೆರಿಲಿಯಮಿನ ಎರಡು ಉಪಯೋಗಗಳು

ಸಮ್ಮಿಳನ ಯಂತ್ರದಲ್ಲಿ ಬೆರಿಲಿಯಮಿಗೆ ಎರಡು ಕೆಲಸಗಳನ್ನು ವಹಿಸಲಾಗಿದೆ. ಮೊದಲನೆಯದು ಪ್ಲಾಸ್ಮಾವನ್ನು ಎದುರಿಸುವ ಒಳಗೋಡೆಯ ಕೆಲಸ. ಗೋಡೆಯಿಂದ ಸವೆದು ಬಂದ ಪರಮಾಣುಗಳು ಪ್ಲಾಸ್ಮಾವನ್ನು ಸೇರಿದರೆ ಅವು ಕಿರಣಗಳ ರೂಪದಲ್ಲಿ ಶಕ್ತಿಯನ್ನು ಹೊರಸೂಸಿ ಪ್ಲಾಸ್ಮಾವನ್ನು ತಣಿಸುತ್ತವೆ. ಪರಮಾಣು ಸಂಖ್ಯೆ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. 74ನೆಯ ಮೂಲವಸ್ತುವಾದ ಟಂಗ್‌ಸ್ಟನ್ ಲಕ್ಷಕ್ಕೆ ಕೆಲವೇ ಕಣಗಳಷ್ಟು ಬೆರೆತರೂ ಪ್ಲಾಸ್ಮಾ ಸೊರಗುತ್ತದೆ. 4ನೆಯದಾದ ಬೆರಿಲಿಯಮ್ ಅದಕ್ಕಿಂತ ಬಹಳ ಹೆಚ್ಚು ಪ್ರಮಾಣದಲ್ಲಿ ಬೆರೆತರೂ ಅಷ್ಟು ಹಾನಿಯಿಲ್ಲ. ಅಲ್ಲದೆ ಅದು ಕೋಶದಲ್ಲಿ ಉಳಿದಿರುವ ಆಮ್ಲಜನಕವನ್ನು ಹಿಡಿದು ಕಟ್ಟಿಹಾಕುವುದರಿಂದ ಪ್ಲಾಸ್ಮಾ ಇನ್ನೂ ಶುದ್ಧವಾಗುತ್ತದೆ.

ಎರಡನೆಯದು ನ್ಯೂಟ್ರಾನುಗಳ ಸಂಖ್ಯೆಯನ್ನು ಹೆಚ್ಚಿಸುವ ಕೆಲಸ. ಒಂದು ಸಮ್ಮಿಳನದಿಂದ ಒಂದು ನ್ಯೂಟ್ರಾನ್ ಮಾತ್ರ ದೊರೆಯುತ್ತದೆ. ಉಕ್ಕಿನ ಚೌಕಟ್ಟು, ಶೀತಕದ ಕೊಳವೆಗಳು ಮೊದಲಾದವು ಅವುಗಳಲ್ಲಿ ಕೆಲವನ್ನು ಹೀರಿಬಿಡುತ್ತವೆ. ಆಗ ಲಿಥಿಯಮಿಗೆ ತಲಪುವ ನ್ಯೂಟ್ರಾನುಗಳು ಸಾಲದಾಗುತ್ತವೆ. ವೇಗದ ನ್ಯೂಟ್ರಾನ್ ಒಂದು ಬೆರಿಲಿಯಮ್ ನ್ಯೂಕ್ಲಿಯಸ್ಸನ್ನು ಬಡಿದಾಗ ಅದು ಒಡೆದು ಎರಡು ಹೀಲಿಯಮ್ ನ್ಯೂಕ್ಲಿಯಸ್ಸುಗಳೂ ಎರಡು ನ್ಯೂಟ್ರಾನುಗಳೂ ಹೊರಬರುತ್ತವೆ. ಒಂದು ಎರಡಾಗುವ ಈ ಗುಣದಿಂದ ಹೊದಿಕೆಯಲ್ಲಿನ ಕೊರತೆ ತುಂಬುತ್ತದೆ. ಈ ಉದ್ದೇಶಕ್ಕಾಗಿ ಸುಮಾರು ಒಂದು ಮಿಲಿಮೀಟರ್ ವ್ಯಾಸದ ಬೆರಿಲಿಯಮ್ ಗುಂಡುಗಳನ್ನು ಲಿಥಿಯಮ್ ಸಂಯುಕ್ತದ ಗುಂಡುಗಳ ನೆರೆಯಲ್ಲಿ ತುಂಬಿಡುವ ವಿನ್ಯಾಸಗಳನ್ನು ಯುರೋಪಿನಲ್ಲಿಯೂ ಇತರ ದೇಶಗಳಲ್ಲಿಯೂ ರೂಪಿಸಲಾಗಿದೆ.

ಲೋಹದೊಳಗೆ ಜಲಜನಕ ಹೇಗೆ ಉಳಿಯುತ್ತದೆ?

ಕಣದಲ್ಲಿ ರಾಶಿ ಮಾಡುವ ಮುನ್ನ ರೈತರು ನೆಲವನ್ನು ಸಗಣಿಯಿಂದ ಸಾರಿಸುತ್ತಾರೆ. ನೆಲದಲ್ಲಿ ಬಿರುಕುಗಳಿದ್ದರೆ ಕಾಳು ಅವುಗಳಲ್ಲಿ ಸೇರಿ ಕೈಗೆ ಬಾರದೆ ಹೋಗುತ್ತದೆ. ಲೋಹದ ಗೋಡೆಯ ವಿಷಯದಲ್ಲಿಯೂ ಸುಮಾರಾಗಿ ಹೀಗೆಯೇ ಆಗುತ್ತದೆ.

ನಿರ್ದೋಷವಾದ ಬೆರಿಲಿಯಮ್ ಹರಳಿನಲ್ಲಿ ಜಲಜನಕ ಕರಗುವ ಪ್ರಮಾಣ ಬಹಳ ಕಡಿಮೆ. ಆದರೆ ಪ್ಲಾಸ್ಮಾದಿಂದ ವೇಗವಾಗಿ ಬಂದ ಅಯಾನುಗಳು ಮೇಲ್ಮೈಯನ್ನು ಭೇದಿಸಿ ಕೆಲವು ನ್ಯಾನೋಮೀಟರುಗಳಷ್ಟು ಆಳಕ್ಕೆ ಹೊಕ್ಕು ನಿಲ್ಲುತ್ತವೆ. ಅವುಗಳ ಹೊಡೆತಕ್ಕೆ ಕೆಲವು ಲೋಹದ ಪರಮಾಣುಗಳು ಸ್ಥಾನಪಲ್ಲಟಗೊಂಡು, ಅವು ಇದ್ದ ಜಾಗಗಳು ಖಾಲಿಯಾಗುತ್ತವೆ. ಈ ಖಾಲಿ ಸ್ಥಾನಗಳು ಜಲಜನಕಕ್ಕೆ ಬಲೆಗಳಂತೆ ವರ್ತಿಸುತ್ತವೆ. ಒಂದೊಂದು ಖಾಲಿ ಸ್ಥಾನದಲ್ಲಿ ಒಂದಕ್ಕಿಂತ ಹೆಚ್ಚು ಜಲಜನಕ ಪರಮಾಣುಗಳು ನೆಲೆಸಬಲ್ಲವೆಂದು ಸೈದ್ಧಾಂತಿಕ ಗಣನೆಗಳು ತೋರಿಸಿವೆ. ಹೊಡೆತ ಮುಂದುವರಿದಂತೆ ಮೇಲ್ಪದರ ಜಲಜನಕದಿಂದ ತುಂಬುತ್ತದೆ. ಸೂಕ್ಷ್ಮವಾದ ಗುಳ್ಳೆಗಳೂ ರಂಧ್ರಗಳೂ ಮೂಡುತ್ತವೆ. ಆ ರಂಧ್ರಗಳ ಮೂಲಕ ಹೊಸದಾಗಿ ಬಂದ ಜಲಜನಕ ಹೊರಗೆ ಮರಳತೊಡಗುತ್ತದೆ. ಹೀಗೆ ಮೇಲ್ಪದರದ ಸಂಗ್ರಹ ಒಂದು ಮಿತಿಯನ್ನು ಮುಟ್ಟಿ ನಿಲ್ಲುತ್ತದೆ. ಇದು ಸಮಾಧಾನದ ಸಂಗತಿ.

ಆತಂಕಕ್ಕೆ ಕಾರಣವಾಗಿರುವುದು ಇನ್ನೊಂದು ಬಗೆ. ಗೋಡೆಯಿಂದ ಸವೆದ ಬೆರಿಲಿಯಮ್ ಪರಮಾಣುಗಳು ಪ್ಲಾಸ್ಮಾದ ಅಂಚಿನಲ್ಲಿ ಸಾಗಿ ಮತ್ತೊಂದೆಡೆ ನೆಲೆಯೂರುತ್ತವೆ. ನೆಲೆಯೂರುವಾಗ ಸುತ್ತಲಿನ ಡ್ಯೂಟೀರಿಯಮ್ ಮತ್ತು ಟ್ರಿಟಿಯಮನ್ನು ತಮ್ಮೊಡನೆ ಹೂತುಕೊಳ್ಳುತ್ತವೆ. ಇದನ್ನು ಸಹಸಂಚಯನ ಎನ್ನಬಹುದು. ಪದರದ ಮೇಲೆ ಪದರ ಬೆಳೆಯುತ್ತ ಹೋಗುವುದರಿಂದ ಇದಕ್ಕೆ ಸಹಜವಾದ ಮಿತಿಯಿಲ್ಲ. ಯಂತ್ರ ಎಷ್ಟು ಕಾಲ ನಡೆದರೆ ಅಷ್ಟು ಇಂಧನ ಈ ಪದರಗಳಲ್ಲಿ ಸೇರುತ್ತದೆ.

ಎಷ್ಟು ಜಲಜನಕ ಸೇರಿದೆ ಎಂಬುದನ್ನು ಅಳೆಯುವ ಒಂದು ಮುಖ್ಯ ವಿಧಾನವೆಂದರೆ ಮಾದರಿಯನ್ನು ನಿರ್ವಾತದಲ್ಲಿಟ್ಟು ಹಂತಹಂತವಾಗಿ ಕಾಯಿಸುವುದು. ಯಾವ ಉಷ್ಣತೆಯಲ್ಲಿ ಎಷ್ಟು ಅನಿಲ ಹೊರಬಂದಿತೆಂಬುದನ್ನು ದ್ರವ್ಯರಾಶಿ ಮಾಪಕದಿಂದ ಗುರುತಿಸಲಾಗುತ್ತದೆ. ಸಡಿಲವಾಗಿ ಸಿಕ್ಕಿಕೊಂಡ ಪರಮಾಣುಗಳು ಕಡಿಮೆ ಉಷ್ಣತೆಯಲ್ಲಿಯೂ, ಆಳವಾದ ಬಲೆಗಳಲ್ಲಿ ಬಿದ್ದವು ಹೆಚ್ಚಿನ ಉಷ್ಣತೆಯಲ್ಲಿಯೂ ಬಿಡುಗಡೆಯಾಗುತ್ತವೆ. ಬೆರಿಲಿಯಮ್ ಗಾಳಿಗೆ ತೆರೆದುಕೊಂಡೊಡನೆ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಮೂಡುತ್ತದೆ. ಈ ಪೊರೆಯು ಜಲಜನಕದ ಹೋಗುಬರುವಿಕೆಗೆ ತಡೆಯೊಡ್ಡುವುದರಿಂದ ಪ್ರಯೋಗಾಲಯದಲ್ಲಿ ದೊರೆತ ಅಂಕಿಗಳನ್ನು ಯಂತ್ರಕ್ಕೆ ಅನ್ವಯಿಸುವಾಗ ವಿಶೇಷ ಎಚ್ಚರ ಅವಶ್ಯಕ.

ಜೆಟ್ ಯಂತ್ರ ಕಲಿಸಿದ ಪಾಠ

ಈ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಅನುಭವ ದೊರೆತದ್ದು ಇಂಗ್ಲೆಂಡಿನ ಕಲ್ಹಮ್ ಎಂಬಲ್ಲಿ 1983ರಿಂದ 2023ರ ಡಿಸೆಂಬರಿನವರೆಗೆ ನಡೆದ ಜಾಯಿಂಟ್ ಯುರೋಪಿಯನ್ ಟೋರಸ್ ಯಂತ್ರದಿಂದ. ಇದನ್ನು ಸಂಕ್ಷೇಪವಾಗಿ ಜೆಟ್ ಎನ್ನುತ್ತಾರೆ. 1997ರಲ್ಲಿ ಈ ಯಂತ್ರ 16 ಮೆಗಾವಾಟ್ ಸಮ್ಮಿಳನ ಸಾಮರ್ಥ್ಯವನ್ನು ಮುಟ್ಟಿ ದಾಖಲೆ ಸ್ಥಾಪಿಸಿತು. ಆಗ ಅದರ ಒಳಗೋಡೆಯ ಹಂಚುಗಳು ಮುಖ್ಯವಾಗಿ ಇಂಗಾಲದವು. ಇಂಗಾಲ ಕರಗುವುದಿಲ್ಲ, ಶಾಖವನ್ನು ಚೆನ್ನಾಗಿ ತಾಳುತ್ತದೆ. ಆದರೆ ಜಲಜನಕದೊಡನೆ ಅದು ರಾಸಾಯನಿಕವಾಗಿ ಸಂಯೋಗಗೊಂಡು, ಸವೆದು, ಜಲಜನಕದಿಂದ ತುಂಬಿದ ಪದರಗಳಾಗಿ ಮೂಲೆಮೂಲೆಗಳಲ್ಲಿ ಸಂಗ್ರಹವಾಗುತ್ತದೆ. ಆ ಪ್ರಯೋಗಗಳಲ್ಲಿ ಯಂತ್ರದೊಳಕ್ಕೆ ಬಿಟ್ಟ ಟ್ರಿಟಿಯಮ್ ಸುಮಾರು 35 ಗ್ರಾಮ್. ಅದನ್ನು ಹೊರತೆಗೆಯಲೆಂದೇ ವಿಶೇಷ ಶುದ್ಧೀಕರಣ ನಡೆಸಿದ ನಂತರವೂ ಸುಮಾರು ಆರರಲ್ಲಿ ಒಂದು ಪಾಲು ಯಂತ್ರದೊಳಗೇ ಉಳಿಯಿತು.

ಪ್ರಯೋಗದ ಯಂತ್ರದಲ್ಲಿ ಕೆಲವು ಗ್ರಾಮುಗಳು ಉಳಿದರೆ ಅದನ್ನು ನಿಭಾಯಿಸಬಹುದು. ವಿದ್ಯುತ್ ಸ್ಥಾವರದಲ್ಲಿ ಇಂಥ ಪ್ರಮಾಣ ಉಳಿಯತೊಡಗಿದರೆ ಬಿತ್ತನೆಯ ಬೀಜವೇ ಕಾಣೆಯಾದಂತೆ. ಸುರಕ್ಷತೆಯ ಪ್ರಶ್ನೆಯೂ ಇದೆ. ಫ್ರಾನ್ಸಿನ ಕದರಾಶ್ ಬಳಿ ನಿರ್ಮಾಣವಾಗುತ್ತಿರುವ ಅಂತರರಾಷ್ಟ್ರೀಯ ಯಂತ್ರವಾದ ಇಟರ್‌ನ ಕೋಶದೊಳಗೆ ಸೇರಿಕೊಳ್ಳಬಹುದಾದ ಟ್ರಿಟಿಯಮಿಗೆ ಒಂದು ಕಿಲೋಗ್ರಾಮಿನ ಮಿತಿ ಹಾಕಲಾಯಿತು. ಅಳತೆಯ ಅನಿಶ್ಚಿತತೆ ಮೊದಲಾದವನ್ನು ಕಳೆದು ಸುಮಾರು 700 ಗ್ರಾಮನ್ನೇ ಕಾರ್ಯನಿರ್ವಹಣೆಯ ಮಿತಿಯೆಂದು ಗಣಿಸಲಾಯಿತು. ಮಿತಿ ಮೀರಿದರೆ ಯಂತ್ರವನ್ನು ನಿಲ್ಲಿಸಿ ಶುದ್ಧೀಕರಿಸಲೇಬೇಕು.

ಆದ್ದರಿಂದ ಇಟರ್‌ಗೆ ಯೋಜಿಸಿದ್ದ ಗೋಡೆಯನ್ನು ಜೆಟ್‌ನಲ್ಲಿಯೇ ಪರೀಕ್ಷಿಸಲು ನಿರ್ಧರಿಸಲಾಯಿತು. 2009ರಿಂದ 2011ರ ಅವಧಿಯಲ್ಲಿ ಇಂಗಾಲದ ಹಂಚುಗಳನ್ನು ತೆಗೆದು, ಮುಖ್ಯ ಕೋಶದಲ್ಲಿ ಬೆರಿಲಿಯಮನ್ನೂ, ಹೊರಬೀಳುವ ಕಣಗಳ ಹೆಚ್ಚಿನ ಶಾಖವನ್ನು ತಾಳಬೇಕಾದ ತಳಭಾಗದ ಡೈವರ್ಟರಿನಲ್ಲಿ ಟಂಗ್‌ಸ್ಟನ್ನನ್ನೂ ಅಳವಡಿಸಲಾಯಿತು. ಫಲಿತಾಂಶ ಸ್ಪಷ್ಟವಾಗಿತ್ತು. ಗೋಡೆಯಲ್ಲಿ ಉಳಿಯುವ ಇಂಧನದ ಪ್ರಮಾಣ ಇಂಗಾಲದ ಕಾಲಕ್ಕಿಂತ ಹತ್ತು ಪಟ್ಟಿಗೂ ಮೀರಿ ಇಳಿಯಿತು. ಹೊರತೆಗೆದ ಹಂಚುಗಳನ್ನು ವಿಶ್ಲೇಷಿಸಿದಾಗ ಒಳಬಿಟ್ಟ ಇಂಧನದಲ್ಲಿ ನೂರಕ್ಕೆ ಒಂದು ಅಂಶಕ್ಕಿಂತಲೂ ಕಡಿಮೆ ಮಾತ್ರ ದೀರ್ಘಕಾಲ ಉಳಿದಿರುವುದು ಕಂಡುಬಂದಿತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಡೈವರ್ಟರಿನ ಒಳಬದಿಯ ಮೇಲ್ಭಾಗದಲ್ಲಿ ಸಂಗ್ರಹವಾದ ಬೆರಿಲಿಯಮ್ ಪದರಗಳಲ್ಲಿತ್ತು. ಪ್ರಯೋಗಾಲಯಗಳು ಸೂಚಿಸಿದ್ದ ಸಹಸಂಚಯನವೇ ಇಲ್ಲಿಯೂ ಮುಖ್ಯ ಕಾರಣವೆಂಬುದು ಇದರಿಂದ ಖಚಿತವಾಯಿತು.

ಈ ಹೊಸ ಗೋಡೆಯೊಡನೆ ಜೆಟ್ 2021ರಲ್ಲಿ 59 ಮೆಗಾಜೂಲ್, 2023ರಲ್ಲಿ 69 ಮೆಗಾಜೂಲ್ ಶಕ್ತಿಯನ್ನು ಬಿಡುಗಡೆ ಮಾಡಿತು. ಎರಡನೆಯ ದಾಖಲೆಗೆ ಉರಿದ ಇಂಧನ 0.2 ಮಿಲಿಗ್ರಾಮ್, ಎಂದರೆ ಒಂದು ಸಾಸಿವೆ ಕಾಳಿನ ತೂಕಕ್ಕಿಂತ ಬಹಳ ಕಡಿಮೆ. ಒಳಬಿಟ್ಟ ಇಂಧನದಲ್ಲಿ ಉರಿಯುವುದು ಅತ್ಯಲ್ಪ ಪಾಲು, ಉಳಿದದ್ದೆಲ್ಲ ಮರಳಿ ಬರಬೇಕು ಎಂಬುದನ್ನು ನೆನೆದರೆ ಗೋಡೆಯ ಲೆಕ್ಕಕ್ಕೆ ಇಷ್ಟು ಮಹತ್ವವೇಕೆಂಬುದು ತಿಳಿಯುತ್ತದೆ. ಕೊನೆಯ ಪ್ರಯೋಗಗಳಲ್ಲಿ ಲೇಸರ್ ಕಿರಣದಿಂದ ಗೋಡೆಯ ಒಂದು ಬಿಂದುವನ್ನು ಕಾಯಿಸಿ, ಹಂಚನ್ನು ಹೊರತೆಗೆಯದೆಯೇ ಅದರಲ್ಲಿನ ಟ್ರಿಟಿಯಮನ್ನು ಅಳೆಯುವ ವಿಧಾನವನ್ನೂ ಪರೀಕ್ಷಿಸಲಾಯಿತು.

ಹೊದಿಕೆಯ ಗುಂಡುಗಳಲ್ಲಿನ ಸಮಸ್ಯೆ

ಗೋಡೆಯಲ್ಲಿ ಜಲಜನಕ ಹೊರಗಿನಿಂದ ಬರುತ್ತದೆ. ಹೊದಿಕೆಯ ಬೆರಿಲಿಯಮ್ ಗುಂಡುಗಳಲ್ಲಿ ಅದು ಒಳಗೇ ಹುಟ್ಟುತ್ತದೆ. ನ್ಯೂಟ್ರಾನುಗಳ ಹೊಡೆತಕ್ಕೆ ಸಿಕ್ಕ ಬೆರಿಲಿಯಮಿನಲ್ಲಿ ಹೇರಳವಾಗಿ ಹೀಲಿಯಮೂ, ಸ್ವಲ್ಪ ಪ್ರಮಾಣದಲ್ಲಿ ಟ್ರಿಟಿಯಮೂ ಉತ್ಪತ್ತಿಯಾಗುತ್ತವೆ. ಹೀಲಿಯಮ್ ಲೋಹದಲ್ಲಿ ಕರಗದೆ ಗುಳ್ಳೆಗಳಾಗಿ ಒಟ್ಟುಗೂಡುತ್ತದೆ. ಗುಂಡುಗಳು ಉಬ್ಬಿ ಪೆಡಸಾಗುತ್ತವೆ. ಟ್ರಿಟಿಯಮ್ ಈ ಗುಳ್ಳೆಗಳಲ್ಲಿ ಸೆರೆಯಾಗುತ್ತದೆ. ನೆದರ್ಲೆಂಡ್ಸಿನ ಪೆಟ್ಟೆನ್‌ನಲ್ಲಿರುವ ಸಂಶೋಧನಾ ರಿಯಾಕ್ಟರಿನಲ್ಲಿ 2005ರಿಂದ ಹಲವು ವರ್ಷಗಳ ಕಾಲ ಬೆರಿಲಿಯಮ್ ಗುಂಡುಗಳನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿ, ನಂತರ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಪರೀಕ್ಷಿಸಲಾಯಿತು. ಕಡಿಮೆ ಉಷ್ಣತೆಯಲ್ಲಿದ್ದ ಗುಂಡುಗಳು ಟ್ರಿಟಿಯಮನ್ನು ಹಿಡಿದಿಟ್ಟುಕೊಂಡವು. ಹೆಚ್ಚಿನ ಉಷ್ಣತೆಯಲ್ಲಿದ್ದವು ಬಿಟ್ಟುಕೊಟ್ಟವು, ಆದರೆ ಹೆಚ್ಚು ಉಬ್ಬಿದವು.

ಇದಕ್ಕೆ ಪರಿಹಾರವಾಗಿ ಬೆರಿಲಿಯಮ್ ಮತ್ತು ಟೈಟೇನಿಯಮ್ ಸೇರಿದ ಬೆರಿಲೈಡ್ ಎಂಬ ಸಂಯುಕ್ತವನ್ನು ಯುರೋಪ್ ಮತ್ತು ಜಪಾನಿನ ಸಂಶೋಧಕರು ಅಭಿವೃದ್ಧಿಪಡಿಸಿದ್ದಾರೆ. ಇದರಲ್ಲಿ ಪ್ರತಿ ಟೈಟೇನಿಯಮ್ ಪರಮಾಣುವಿಗೆ ಹನ್ನೆರಡು ಬೆರಿಲಿಯಮ್ ಪರಮಾಣುಗಳಿರುತ್ತವೆ. ಶುದ್ಧ ಲೋಹಕ್ಕಿಂತ ಇದು ಕಡಿಮೆ ಉಬ್ಬುತ್ತದೆ, ಟ್ರಿಟಿಯಮನ್ನು ಸುಲಭವಾಗಿ ಬಿಟ್ಟುಕೊಡುತ್ತದೆ ಮತ್ತು ಉಗಿಯೊಡನೆ ಅಷ್ಟು ತೀವ್ರವಾಗಿ ವರ್ತಿಸುವುದಿಲ್ಲ. ಬೆರಿಲಿಯಮಿನ ಲಭ್ಯತೆಯೂ ಗಮನಿಸಬೇಕಾದ ವಿಷಯವೇ. ಇಂಥ ಹೊದಿಕೆಯುಳ್ಳ ಒಂದು ಸ್ಥಾವರಕ್ಕೆ ನೂರಾರು ಟನ್ ಬೆರಿಲಿಯಮ್ ಬೇಕಾಗುತ್ತದೆ. ಇಡೀ ಜಗತ್ತಿನ ವಾರ್ಷಿಕ ಉತ್ಪಾದನೆಯೂ ಕೆಲವೇ ನೂರು ಟನ್.

ಆರೋಗ್ಯ ಮತ್ತು ಸುರಕ್ಷತೆ

ಬೆರಿಲಿಯಮಿನ ಘನವಾದ ತುಂಡನ್ನು ಮುಟ್ಟುವುದರಿಂದ ವಿಶೇಷ ಅಪಾಯವಿಲ್ಲ; ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಕೆಲವರಲ್ಲಿ ಗುಣಪಡಿಸಲಾಗದ ದೀರ್ಘಕಾಲೀನ ರೋಗ ಉಂಟಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಟ್ಯೂಬ್‌ಲೈಟ್ ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಈ ರೋಗವನ್ನು ಡಾ. ಹ್ಯಾರಿಯೆಟ್ ಹಾರ್ಡಿ ಮತ್ತು ಸಹೋದ್ಯೋಗಿ 1946ರಲ್ಲಿ ವರದಿ ಮಾಡಿದರು. ಆ ಕಾಲದಲ್ಲಿ ದೀಪದ ಒಳಲೇಪದಲ್ಲಿ ಬೆರಿಲಿಯಮ್ ಸಂಯುಕ್ತವಿರುತ್ತಿತ್ತು. 1949ರಲ್ಲಿ ತಯಾರಕರು ಅದನ್ನು ಕೈಬಿಟ್ಟರು. ಕೆಲಸದ ಸ್ಥಳದ ಗಾಳಿಯಲ್ಲಿ ಘನಮೀಟರಿಗೆ 2 ಮೈಕ್ರೋಗ್ರಾಮ್ ಎಂದು ಅಮೆರಿಕದಲ್ಲಿ ಬಹುಕಾಲ ಇದ್ದ ಮಿತಿ ಸಾಲದೆಂದು ಮನಗಂಡು, 2017ರಲ್ಲಿ ಅದನ್ನು 0.2 ಮೈಕ್ರೋಗ್ರಾಮಿಗೆ ಇಳಿಸಲಾಯಿತು.

ಬಿಸಿಯಾದ ಬೆರಿಲಿಯಮಿಗೆ ಶೀತಕದ ನೀರು ಅಥವಾ ಉಗಿ ತಗಲಿದರೆ ಅದು ಆಮ್ಲಜನಕವನ್ನು ಸೆಳೆದುಕೊಂಡು ಜಲಜನಕವನ್ನು ಬಿಡುಗಡೆ ಮಾಡುತ್ತದೆ. ಸೂಕ್ಷ್ಮವಾದ ಧೂಳಿನಲ್ಲಿ ಈ ಕ್ರಿಯೆ ಇನ್ನೂ ಬೇಗ. ಹೀಗಾಗಿ ಯಂತ್ರದೊಳಗಿನ ಬೆರಿಲಿಯಮ್ ಧೂಳು, ಅದರಲ್ಲಿ ಸೇರಿರುವ ಟ್ರಿಟಿಯಮ್ ಎರಡರ ಲೆಕ್ಕವನ್ನೂ ಒಟ್ಟಿಗೆ ಇಡಬೇಕಾಗುತ್ತದೆ. ಟ್ರಿಟಿಯಮಿನ ಕಿರಣ ಚರ್ಮವನ್ನು ದಾಟಲಾರದಷ್ಟು ದುರ್ಬಲ. ಆದರೆ ಅದು ನೀರಿನ ರೂಪದಲ್ಲಿ ದೇಹವನ್ನು ಸೇರಬಲ್ಲುದಾದ್ದರಿಂದ ಎಚ್ಚರಿಕೆ ಅನಿವಾರ್ಯ.

2023ರ ನಂತರದ ಬದಲಾವಣೆ

ಇಟರ್‌ನ ಮೂಲ ವಿನ್ಯಾಸದಲ್ಲಿ ಕೋಶದ ಒಳಬದಿಯ 440 ಹೊದಿಕೆ ಘಟಕಗಳ ಮುಖಕ್ಕೆ ಬೆರಿಲಿಯಮ್ ಹೊದಿಸುವ ಯೋಜನೆಯಿತ್ತು. ಟ್ರಿಟಿಯಮನ್ನು ಮರಳಿ ಪಡೆಯಲು ಗೋಡೆಯನ್ನು 240 ಡಿಗ್ರಿಗೂ ಡೈವರ್ಟರನ್ನು 350 ಡಿಗ್ರಿಗೂ ಕಾಯಿಸುವ ಏರ್ಪಾಡಿತ್ತು. ದಪ್ಪನಾದ ಬೆರಿಲಿಯಮ್ ಪದರಗಳಲ್ಲಿ ಸೇರಿದ್ದೆಲ್ಲ ಈ ಉಷ್ಣತೆಗಳಲ್ಲಿ ಹೊರಬರುವುದಿಲ್ಲವೆಂಬುದನ್ನು ಸಂಶೋಧನೆ ತೋರಿಸಿತ್ತು. 2023ರಲ್ಲಿ ಇಟರ್ ಸಂಸ್ಥೆ ಬೆರಿಲಿಯಮಿನ ಬದಲು ಟಂಗ್‌ಸ್ಟನ್ ಗೋಡೆಯನ್ನು ಪ್ರಸ್ತಾಪಿಸಿತು. 2024ರ ಜೂನ್‌ನಲ್ಲಿ ಮಂಡಿಸಿದ ಹೊಸ ಕಾರ್ಯಯೋಜನೆಯಲ್ಲಿ ಅದನ್ನು ಸೇರಿಸಲಾಯಿತು. ಈ ಯೋಜನೆಯಂತೆ ಸಂಶೋಧನಾ ಕಾರ್ಯ 2034ರಲ್ಲಿಯೂ, ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್ ಬಳಸುವ ಹಂತ 2039ರಲ್ಲಿಯೂ ಆರಂಭವಾಗಬೇಕಿದೆ.

ಟಂಗ್‌ಸ್ಟನ್ ಬಹಳ ನಿಧಾನವಾಗಿ ಸವೆಯುತ್ತದೆ, 3400 ಡಿಗ್ರಿಗೂ ಹೆಚ್ಚಿನ ಉಷ್ಣತೆಯಲ್ಲಿ ಮಾತ್ರ ಕರಗುತ್ತದೆ, ವಿಷಕಾರಿ ಧೂಳಿನ ಸಮಸ್ಯೆಯನ್ನು ದೂರಮಾಡುತ್ತದೆ, ಮುಂದಿನ ವಿದ್ಯುತ್ ಸ್ಥಾವರಗಳಿಗೂ ಅದೇ ಸೂಕ್ತವೆಂದು ಭಾವಿಸಲಾಗಿದೆ. ಆದರೆ ಅದು ಆಮ್ಲಜನಕವನ್ನು ಬೆರಿಲಿಯಮಿನಂತೆ ಹಿಡಿದಿಡುವುದಿಲ್ಲ. ಆ ಕೊರತೆಯನ್ನು ತುಂಬಲು ಗೋಡೆಯ ಮೇಲೆ ಬೋರಾನಿನ ತೆಳು ಲೇಪವನ್ನು ಆಗಾಗ ಹಚ್ಚಬೇಕೆಂದು ಯೋಜಿಸಲಾಗಿದೆ. ಬೋರಾನ್ ಪದರವೂ ಜಲಜನಕವನ್ನು ಹೀರಿಕೊಳ್ಳುತ್ತದೆ. ಹೀಗೆ ಬೆರಿಲಿಯಮಿನ ಬಗ್ಗೆ ಕೇಳಿದ ಪ್ರಶ್ನೆಯನ್ನೇ ಈಗ ಬೋರಾನಿನ ಬಗ್ಗೆ ಕೇಳಬೇಕಾಗಿದೆ; ಅದಕ್ಕೆ ಬೇಕಾದ ಅಳತೆಯ ವಿಧಾನಗಳೂ ಗಣನೆಯ ಮಾದರಿಗಳೂ ಬೆರಿಲಿಯಮಿನ ಮೇಲೆ ನಡೆದ ದುಡಿಮೆಯಿಂದ ಸಿದ್ಧವಾಗಿ ದೊರೆತಿವೆ.

ಭಾರತದ ಪಾತ್ರ

1962ರ ಪರಮಾಣು ಶಕ್ತಿ ಕಾಯ್ದೆಯು ಯುರೇನಿಯಮ್, ಪ್ಲುಟೋನಿಯಮ್, ಥೋರಿಯಮ್‌ಗಳ ಜೊತೆಗೆ ಬೆರಿಲಿಯಮ್ ಮತ್ತು ಡ್ಯೂಟೀರಿಯಮನ್ನೂ ನಿಯಂತ್ರಿತ ವಸ್ತುಗಳೆಂದು ಹೆಸರಿಸಿತ್ತು. ಭಾಭಾ ಪರಮಾಣು ಸಂಶೋಧನಾ ಕೇಂದ್ರವು ನವಿ ಮುಂಬೈಯ ವಾಶಿಯಲ್ಲಿ ಬೆರಿಲಿಯಮ್ ಘಟಕವನ್ನು ಸ್ಥಾಪಿಸಿ, ಅಂತರಿಕ್ಷ ಕಾರ್ಯಕ್ರಮಕ್ಕೆ ಬೇಕಾದ ಲೋಹದ ತಯಾರಿಕೆಯನ್ನು ಕೈಗೊಂಡಿತು.

ಗಾಂಧಿನಗರದ ಸಮೀಪದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ‘ಆದಿತ್ಯ’ ಟೊಕಮಾಕ್ 1989ರಲ್ಲಿ ಕಾರ್ಯಾರಂಭ ಮಾಡಿತು. 2005ರ ಡಿಸೆಂಬರಿನಲ್ಲಿ ಭಾರತ ಇಟರ್ ಯೋಜನೆಯ ಪಾಲುದಾರನಾಯಿತು. ಯುರೋಪಿಯನ್ ಒಕ್ಕೂಟ, ಚೀನಾ, ಜಪಾನ್, ದಕ್ಷಿಣ ಕೊರಿಯಾ, ರಷ್ಯಾ ಮತ್ತು ಅಮೆರಿಕ ಉಳಿದ ಸದಸ್ಯರು. ಇಡೀ ಯಂತ್ರವನ್ನು ಆವರಿಸುವ, ಸುಮಾರು 3850 ಟನ್ ತೂಕದ ಕ್ರಯೊಸ್ಟ್ಯಾಟ್ ಎಂಬ ಬೃಹತ್ ನಿರ್ವಾತ ಪಾತ್ರೆಯನ್ನು ಒದಗಿಸಿದ್ದು ಭಾರತವೇ. ಅದರ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು. ತಳಭಾಗವನ್ನು 2020ರ ಮೇ ತಿಂಗಳಿನಲ್ಲಿ ಯಂತ್ರದ ಗುಂಡಿಯೊಳಗೆ ಇಳಿಸಲಾಯಿತು. ಟ್ರಿಟಿಯಮ್ ಉತ್ಪಾದನೆಯ ಹೊದಿಕೆಗಾಗಿ ಭಾರತೀಯ ವಿಜ್ಞಾನಿಗಳು ರೂಪಿಸಿರುವ ಒಂದು ವಿನ್ಯಾಸದಲ್ಲಿ ನ್ಯೂಟ್ರಾನ್ ಗುಣಕವಾಗಿ ಬೆರಿಲಿಯಮಿನ ಬದಲು ಸೀಸವನ್ನು ಬಳಸಲಾಗುತ್ತದೆ. ಸೀಸ ಮತ್ತು ಲಿಥಿಯಮಿನ ದ್ರವ ಮಿಶ್ರಲೋಹವು ಲಿಥಿಯಮ್ ಟೈಟನೇಟ್ ಗುಂಡುಗಳ ಸುತ್ತ ಹರಿಯುವಂತೆ ಇದನ್ನು ಯೋಜಿಸಲಾಗಿದೆ. ಈ ಮಾರ್ಗದಲ್ಲಿ ಬೆರಿಲಿಯಮಿನ ವಿಷವೂ ವಿರಳತೆಯೂ ಇಲ್ಲ. ದ್ರವಲೋಹದಿಂದ ಕೊಳವೆಗಳು ಸವೆಯುವುದು, ಟ್ರಿಟಿಯಮ್ ಕೊಳವೆಯ ಗೋಡೆಗಳ ಮೂಲಕ ಸೋರುವುದು ಮುಂತಾದ ಬೇರೆ ತೊಡಕುಗಳಿವೆ.

ಯಾವ ಮಾರ್ಗವನ್ನು ಹಿಡಿದರೂ ಸಮ್ಮಿಳನ ಸ್ಥಾವರದ ಲೆಕ್ಕದ ಪುಸ್ತಕದಲ್ಲಿ ಮೂರು ಅಂಕಣಗಳು ತಪ್ಪುವುದಿಲ್ಲ: ಉರಿಸಿದ ಟ್ರಿಟಿಯಮ್ ಎಷ್ಟು, ಉತ್ಪಾದಿಸಿದ್ದು ಎಷ್ಟು, ಗೋಡೆಗಳಲ್ಲಿ ಉಳಿದದ್ದು ಎಷ್ಟು. ಮೂರನೆಯ ಅಂಕಣವನ್ನು ಅಂದಾಜಿನಿಂದ ತುಂಬುವ ಕಾಲದಿಂದ ಅಳತೆಯಿಂದ ತುಂಬುವ ಕಾಲಕ್ಕೆ ವಿಜ್ಞಾನ ಬಂದಿರುವುದು ಬೆರಿಲಿಯಮ್ ಕುರಿತ ಮೂರು ನಾಲ್ಕು ದಶಕಗಳ ಪರಿಶ್ರಮದ ಫಲ. ಇಟರ್ ಟ್ರಿಟಿಯಮನ್ನು ಬಳಸತೊಡಗುವ ವೇಳೆಗೆ ಆ ಅಂಕಣದ ಅಂಕಿಯನ್ನು ಮುಂಚಿತವಾಗಿಯೇ ಹೇಳಬಲ್ಲವರಾಗಬೇಕೆಂಬುದು ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ವಿಜ್ಞಾನಿಗಳ ಗುರಿ.